ಗ್ರಾಹಕನ ಜಗಳಕ್ಕೆ ಅರವತ್ತು ವರ್ಷ

ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದ ಭಾಷಣಗಳು ಸಾಮಾನ್ಯವಾಗಿ ಕೌಟಿಲ್ಯನಿಂದ ಶುರುವಾಗುತ್ತವೆ. ತೂಕದಲ್ಲಿ ಮೋಸ ಮಾಡಿದ ವರ್ತಕನಿಗೆ ಅರ್ಥಶಾಸ್ತ್ರದಲ್ಲಿ ದಂಡವಿತ್ತು ಎಂಬ ಮಾತು ಬಂದೇ ಬರುತ್ತದೆ. ಇತ್ತು, ಸರಿ. ಆದರೆ ನಮ್ಮ ಕಾಲದ ಗ್ರಾಹಕ ಚಳವಳಿಯ ಬೇರು ಇರುವುದು 1960ರ ದಶಕದ ಅಡುಗೆಮನೆಗಳಲ್ಲಿ.

ಬರ, ಯುದ್ಧ, ಪಡಿತರದ ಸಾಲುಗಳ ಕಾಲ ಅದು. ಸಿಕ್ಕಷ್ಟು ಎಣ್ಣೆ, ಹಾಲು, ಬೇಳೆಯಲ್ಲೂ ಕಲಬೆರಕೆ. ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲೇ ಬಂದಿತ್ತು. ಬಹುಮಟ್ಟಿಗೆ ಅದು ಇನ್‌ಸ್ಪೆಕ್ಟರನ ಕೈಯ ಕಾಯ್ದೆ. ವರ್ತಕನಿಗೆ ಶಿಕ್ಷೆಯಾದರೂ ಮೋಸಹೋದವರಿಗೆ ಬಿಡಿಗಾಸು ಬರುತ್ತಿರಲಿಲ್ಲ. 1966ರಲ್ಲಿ ಮುಂಬೈಯ ಒಂಬತ್ತು ಮಂದಿ ಹೆಂಗಸರು ಸೇರಿ ‘ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ’ ಕಟ್ಟಿದರು. ಕಲಬೆರಕೆ ಕಂಡುಹಿಡಿಯುವುದು ಹೇಗೆಂದು ಜನರಿಗೆ ತೋರಿಸಿದರು, ದೂರುಗಳನ್ನು ಕಂಪನಿಗಳಿಗೆ ಒಯ್ದರು, ‘ಕೀಮತ್’ ಎಂಬ ಪತ್ರಿಕೆ ತಂದರು. ಅದೇ ಊರಿನಲ್ಲಿ 1972ರಿಂದ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂದಾಳುತನದಲ್ಲಿ ಸಾವಿರಾರು ಗೃಹಿಣಿಯರು ಲಟ್ಟಣಿಗೆ ಹಿಡಿದು ಬೆಲೆ ಏರಿಕೆಯ ವಿರುದ್ಧ ಬೀದಿಗಿಳಿದರು. ಪುಣೆಯಲ್ಲಿ ಬಿಂದುಮಾಧವ ಜೋಶಿ 1974ರಲ್ಲಿ ಗ್ರಾಹಕ ಪಂಚಾಯತ್ ಆರಂಭಿಸಿದರು. ಮರುವರ್ಷ ಹುಟ್ಟಿದ ಮುಂಬೈ ಗ್ರಾಹಕ ಪಂಚಾಯತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನೆರೆಹೊರೆಯ ಮನೆಗಳು ಗುಂಪುಕಟ್ಟಿಕೊಂಡು ತಿಂಗಳ ದಿನಸಿಯನ್ನು ಸಗಟಿನಲ್ಲೇ ತರಿಸಿಕೊಂಡವು. ಅಂಗಡಿಯವನ ಜೊತೆ ಜಗಳವಾಡುವುದಕ್ಕಿಂತ ಅವನ ಅಂಗಡಿಗೇ ಹೋಗದಿರುವುದು ಲೇಸು ಎಂಬ ಈ ಲೆಕ್ಕಾಚಾರ ನನಗೆ ಇಂದಿಗೂ ಇಡೀ ಚಳವಳಿಯ ಅತ್ಯಂತ ಜಾಣ ನಡೆಯಾಗಿ ಕಾಣುತ್ತದೆ.

ಅಹಮದಾಬಾದಿನ ದಾರಿ ಬೇರೆ. 1978ರಲ್ಲಿ ಮನುಭಾಯಿ ಷಾ ಸ್ಥಾಪಿಸಿದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ನೆಚ್ಚಿಕೊಂಡದ್ದು ಕೋರ್ಟನ್ನು. ಜೀವ ವಿಮಾ ನಿಗಮದ ಕಡಿಮೆ ಕಂತಿನ ಒಂದು ಪಾಲಿಸಿ ಸರ್ಕಾರಿ ನೌಕರರಿಗೆ, ಹೆಸರಾಂತ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಮೀಸಲಾಗಿತ್ತು. ರೈತ, ಕೂಲಿಕಾರ, ಸಣ್ಣ ವ್ಯಾಪಾರಿಗೆ ಏಕಿಲ್ಲ ಎಂದು ಈ ಸಂಶೋಧನಾ ಕೇಂದ್ರ ಪ್ರಶ್ನಿಸಿತು. ಆ ನಿರ್ಬಂಧ ಸಂವಿಧಾನಕ್ಕೆ ವಿರುದ್ಧವೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಬ್ಬರ ಹೆಸರಲ್ಲಿ ಪರಿಹಾರ ಕೇಳದೆ ಎಲ್ಲರಿಗಾಗಿ ಬಾಗಿಲು ತೆರೆಸಿದ ಮೊಕದ್ದಮೆ ಅದು.

ವಿಶ್ವಸಂಸ್ಥೆ 1985ರ ಏಪ್ರಿಲ್‌ನಲ್ಲಿ ಗ್ರಾಹಕ ರಕ್ಷಣೆಯ ಮಾರ್ಗಸೂಚಿ ಒಪ್ಪಿತು. ಮರುವರ್ಷ ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಯವರೆಗೆ ಕೆಟ್ಟ ಫ್ಯಾನು ಮಾರಿದವನ ಮೇಲೆ ಸಿವಿಲ್ ದಾವೆ ಹೂಡಬೇಕಿತ್ತು; ಫ್ಯಾನಿನ ಬೆಲೆಗಿಂತ ವಕೀಲರ ಫೀಸು ಹೆಚ್ಚು. ಹೊಸ ಕಾಯ್ದೆಯಡಿ ಬಿಳಿ ಹಾಳೆಯ ಮೇಲೆ ದೂರು ಬರೆದುಕೊಟ್ಟರೆ ಸಾಕು. ವಕೀಲರು ಬೇಕಿಲ್ಲ, ಮೊದಮೊದಲು ಶುಲ್ಕವೂ ಇರಲಿಲ್ಲ. ದೂರು ಕೇಳಲು ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತದ ಗ್ರಾಹಕ ವೇದಿಕೆ, ಆಯೋಗಗಳು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂಬ ಗುರಿ. 1990ರಲ್ಲಿ ಪೊಟ್ಟಣದ ಮೇಲೆ ತೆರಿಗೆಗಳೆಲ್ಲ ಸೇರಿದ ಗರಿಷ್ಠ ಬೆಲೆ ಅಚ್ಚಾಗುವುದು ಕಡ್ಡಾಯವಾಯಿತು. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬ ನೆಪದ ವಸೂಲಿಗೆ ಕಡಿವಾಣ ಬಿತ್ತು. ಎಂಆರ್‌ಪಿ ಎಂಬ ಮೂರಕ್ಷರ ಇಂದು ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ವಾದಕ್ಕೆ ಆಧಾರ.

ಆಮೇಲಿನ ಹತ್ತು ವರ್ಷ ಈ ಕಾಯ್ದೆಯ ಹರೆಯ. ಮನೆ ಹಂಚುವ ಅಭಿವೃದ್ಧಿ ಪ್ರಾಧಿಕಾರವೂ ಸೇವೆ ಮಾರುವ ಸಂಸ್ಥೆಯೇ ಎಂದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರದ ಹಣವನ್ನು ತಪ್ಪು ಮಾಡಿದ ಅಧಿಕಾರಿಯ ಕಿಸೆಯಿಂದಲೇ ಕೊಡಿಸಬೇಕು ಎಂದೂ ಸೇರಿಸಿತು. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯರ ಸರದಿ. ಭಾರತೀಯ ವೈದ್ಯಕೀಯ ಸಂಘ ಎಷ್ಟೇ ವಿರೋಧಿಸಿದರೂ ಹಣ ಪಡೆದ ಚಿಕಿತ್ಸೆ ಕಾಯ್ದೆಯೊಳಗೆ ಬಂತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಹೊರಗುಳಿದವು. ಎಂದರೆ ಬಡವರು ಹೆಚ್ಚಾಗಿ ಹೋಗುವ, ಯಾರಿಂದಲೂ ಹಣ ಪಡೆಯದ ಸರ್ಕಾರಿ ಆಸ್ಪತ್ರೆಗಳೇ ಹೊರಗುಳಿದವು. (ವಕೀಲರು ಮಾತ್ರ ತಪ್ಪಿಸಿಕೊಂಡರು. ಅವರ ಸೇವೆಗೆ ಈ ಕಾಯ್ದೆ ಅನ್ವಯಿಸದು ಎಂಬ ತೀರ್ಪು 2024ರಲ್ಲಿ ಬಂತು. ತೀರ್ಪು ಕೊಟ್ಟವರೂ ಒಂದು ಕಾಲಕ್ಕೆ ಕರಿಕೋಟಿನವರೇ.)

ಗೆಲುವಿನ ಈ ಸಾಲಿನಲ್ಲೇ ಒಂದು ನಷ್ಟವೂ ಆಯಿತು. ಕೋರ್ಟು ಸಿಕ್ಕ ಮೇಲೆ ಸಂಘ ಸೊರಗಿತು. ಲಟ್ಟಣಿಗೆ ಹಿಡಿದು ಒಟ್ಟಿಗೆ ಬಂದವರು ಈಗ ಒಬ್ಬೊಬ್ಬರೇ ಫೈಲು ಹಿಡಿದು ಬಂದರು. ಒಬ್ಬೊಬ್ಬರನ್ನೇ ಕಾಯಿಸಿ ಸುಸ್ತು ಮಾಡುವುದು ಎದುರಾಳಿಗೆ ಸುಲಭ. ಮಥುರಾದ ವಕೀಲರೊಬ್ಬರಿಂದ 1999ರಲ್ಲಿ ರೈಲ್ವೆ ಕೌಂಟರಿನಲ್ಲಿ ಎರಡು ಟಿಕೆಟಿಗೆ 70ರ ಬದಲು 90 ರೂಪಾಯಿ ಪಡೆದರು. ಆ 20 ರೂಪಾಯಿಯ ಮೊಕದ್ದಮೆ ಗೆಲ್ಲಲು ಅವರಿಗೆ 2022 ಆಗಬೇಕಾಯಿತು. ವಕೀಲರಿಗೇ ಹೀಗಾದರೆ ಉಳಿದವರ ಪಾಡೇನು! ಆಯೋಗಗಳಲ್ಲಿ ಅಧ್ಯಕ್ಷರು, ಸದಸ್ಯರ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇನ್ನು ಸಣ್ಣ ಗೆಲುವುಗಳು: ಕಾಗದದ ಕೈಚೀಲಕ್ಕೆ 3 ರೂಪಾಯಿ ಹಾಕಿದ ಬಾಟಾಕ್ಕೆ 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ 9,000 ರೂಪಾಯಿ ತೆರಲು ಹೇಳಿತು. ಓದಲು ಖುಷಿ. ಅಷ್ಟು ದೊಡ್ಡ ಕಂಪನಿಗೆ ಅದು ಯಾವ ಲೆಕ್ಕ?

ಸರ್ಕಾರವೇ ಎಲ್ಲರ ಪರವಾಗಿ ನಿಂತರೆ? 2015ರಲ್ಲಿ ಮ್ಯಾಗಿಯಲ್ಲಿ ಸೀಸ ಹೆಚ್ಚಿದೆಯೆಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧ ಹೇರಿತು. ಎರಡೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು. ಗ್ರಾಹಕರ ಹೆಸರಲ್ಲಿ ಕೇಂದ್ರ ಸರ್ಕಾರ 640 ಕೋಟಿ ರೂಪಾಯಿ ಕೇಳಿ ರಾಷ್ಟ್ರೀಯ ಆಯೋಗಕ್ಕೆ ಹೋಯಿತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ಮಾದರಿಗಳು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಬಂದವು. ಸೀಸ ಮಿತಿಯೊಳಗಿದೆ ಎಂದು ವರದಿಯಾಯಿತು. 2024ರಲ್ಲಿ ಅರ್ಜಿ ವಜಾ. ಪ್ರಯೋಗಾಲಯ ಗಟ್ಟಿಯಿಲ್ಲದೆ ಗದ್ದಲ ಮಾಡಿದರೆ ಕೊನೆಗೆ ಕಂಪನಿಯೇ ಹಸನಾಗಿ ಹೊರಬರುತ್ತದೆ.

2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುಂಬೈ ಕಂಪನಿಯ ಮೇಲೆ ಬೀದರಿನವರು ಬೀದರಿನಲ್ಲೇ ಕೇಸು ಹಾಕಬಹುದು ಎಂಬುದು ಸಣ್ಣ ಮಾತಲ್ಲ. ತಾನಾಗಿಯೇ ತನಿಖೆ ಮಾಡಿ ದಂಡ ಹಾಕಬಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಹುಟ್ಟಿತು. ಆದರೂ 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ, ಹೊಸ ಸ್ಕೂಟರ್ ಪದೇ ಪದೇ ಕೆಟ್ಟು ರೋಸಿಹೋದ ಯುವಕನೊಬ್ಬ ಓಲಾ ಎಲೆಕ್ಟ್ರಿಕ್ ಷೋರೂಮಿಗೆ ಬೆಂಕಿ ಹಚ್ಚಿ ಪೊಲೀಸರ ಕೈಗೆ ಸಿಕ್ಕ. ಮರುತಿಂಗಳು ಪ್ರಾಧಿಕಾರ ಆ ಕಂಪನಿಗೆ ನೋಟಿಸು ಕೊಟ್ಟಾಗ ಗೊತ್ತಾಯಿತು: 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ಅದರ ಬಗ್ಗೆ ಬಂದಿದ್ದ ದೂರು ಹತ್ತು ಸಾವಿರಕ್ಕೂ ಹೆಚ್ಚು.

ಒಬ್ಬರ ದೂರಿನಿಂದ ಎಲ್ಲರಿಗೂ ನ್ಯಾಯ ಕೊಡಿಸುವುದರ ತೊಡಕನ್ನು ಬೆಂಗಳೂರಿನ ಒಂದು ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಟಿಕೆಟಿನ ಮೇಲಿದ್ದ ಹೊತ್ತಿಗೆ ಸಿನಿಮಾ ಶುರುಮಾಡದೆ 25 ನಿಮಿಷ ಜಾಹೀರಾತು ತೋರಿಸಿದರೆಂದು ಪ್ರೇಕ್ಷಕರೊಬ್ಬರು ಪಿವಿಆರ್ ಐನಾಕ್ಸ್ ಮೇಲೆ ದೂರು ಹಾಕಿದ್ದರು. 2025ರ ಫೆಬ್ರುವರಿಯಲ್ಲಿ ಆಯೋಗ ಅವರಿಗೆ ಪರಿಹಾರ ಕೊಡಿಸಿತು. ಜೊತೆಗೆ, ಸಿನಿಮಾದ ನಿಜವಾದ ಆರಂಭದ ಹೊತ್ತನ್ನೇ ಟಿಕೆಟಿನಲ್ಲಿ ಹಾಕಿ ಎಂದಿತು. ಮುಂದಿನ ತಿಂಗಳೇ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಆಯೋಗ ಇದನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನಡೆಸಿದೆ ಎಂಬುದು ಅದರ ಆಕ್ಷೇಪ.

ಈಗಿನ ಮೋಸ ನಡೆಯುವುದು ಮೊಬೈಲ್ ಪರದೆಯ ಮೇಲೆ. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ‘ಇನ್ನು ಒಂದೇ ಉಳಿದಿದೆ’ ಎಂದು ಸುಳ್ಳೇ ಅವಸರಿಸುವುದು, ಚಂದಾ ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವುದು: ಇಂಥ 13 ತಂತ್ರಗಳನ್ನು 2023ರ ನವೆಂಬರ್‌ನಲ್ಲಿ ಪ್ರಾಧಿಕಾರ ಪಟ್ಟಿಮಾಡಿ ನಿಷೇಧಿಸಿತು. ಒಬ್ಬೊಬ್ಬರಿಗೆ ಹತ್ತಿಪ್ಪತ್ತು ರೂಪಾಯಿ ನಷ್ಟವಾದರೆ ಯಾರೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲ. ಕೋಟಿ ಜನರ ಹತ್ತಿಪ್ಪತ್ತು ಒಂದೇ ಕಡೆ ಸೇರುತ್ತದೆ. ಒಂದೇ ಬಗೆಯ ತೊಂದರೆಯಾದವರು ಒಟ್ಟಾಗಿ ದೂರು ಕೊಡಲು 1986ರ ಕಾಯ್ದೆಯಲ್ಲೂ ಅವಕಾಶವಿತ್ತು, ಈಗಲೂ ಇದೆ. ಅದನ್ನು ಹೆಚ್ಚಾಗಿ ಬಳಸಿಕೊಂಡವರು ಬಿಲ್ಡರುಗಳಿಗೆ ಲಕ್ಷಗಟ್ಟಲೆ ಕೊಟ್ಟು ಕಾದ ಫ್ಲ್ಯಾಟಿನವರು. ಇಪ್ಪತ್ತು ರೂಪಾಯಿಯವರನ್ನು ಹಾಗೆ ಒಗ್ಗೂಡಿಸುವ ಸಂಘ ಸದ್ಯಕ್ಕಿಲ್ಲ. 2025ರ ಜೂನ್‌ನಲ್ಲಿ ಪ್ರಾಧಿಕಾರ, ಇಂಥ ತಂತ್ರಗಳು ತಮ್ಮಲ್ಲಿವೆಯೇ ಎಂದು ಮೂರು ತಿಂಗಳೊಳಗೆ ತಾವೇ ತಪಾಸಣೆ ಮಾಡಿಕೊಳ್ಳುವಂತೆ ಆನ್‌ಲೈನ್ ಕಂಪನಿಗಳಿಗೆ ಸಲಹೆ ಕೊಟ್ಟಿತು.