ನೆಟ್‌ರನ್ನರ್: ಹೊಸ ಕಾರ್ಡಿಗೆ ಬೆಲೆ ಕಟ್ಟುವ ಬಗೆ

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1996ರಲ್ಲಿ ಹೊರಬಂದ ಸೈಬರ್‌ಪಂಕ್ ಕಾರ್ಡ್ ಆಟ ನೆಟ್‌ರನ್ನರ್. ಒಬ್ಬರು ಕಂಪನಿಯಾಗಿ ಗುಟ್ಟುಗಳನ್ನು ಕಾಯುತ್ತಾರೆ, ಇನ್ನೊಬ್ಬರು ಹ್ಯಾಕರ್ ಆಗಿ ಕದಿಯುತ್ತಾರೆ. 2012ರಲ್ಲಿ ಮರುಹುಟ್ಟು ಪಡೆದ ಆಟದ ಅಧಿಕೃತ ಪ್ರಕಟಣೆ 2018ರಲ್ಲಿ ನಿಂತಿತು. ಅಭಿಮಾನಿಗಳೇ ಕಟ್ಟಿದ ನಲ್ ಸಿಗ್ನಲ್ ಗೇಮ್ಸ್ ಇಂದಿಗೂ ಹೊಸ ಕಾರ್ಡ್ ತರುತ್ತಿರುವುದು ಮೆಚ್ಚತಕ್ಕ ಸಂಗತಿ.

ಹೊಸ ಕಾರ್ಡ್ ಕಂಡೊಡನೆ ಪಳಗಿದವರು ಹಾಕುವುದು ಕ್ಲಿಕ್ಕಿನ, ಅಂದರೆ ಸರದಿಯಲ್ಲಿ ಮಾಡಬಹುದಾದ ಕೆಲಸಗಳ ಲೆಕ್ಕ. ಸರದಿಗೆ ಹ್ಯಾಕರ್‌ಗೆ 4 ಕ್ಲಿಕ್, ಕಂಪನಿಗೆ 3. ಒಂದು ಕ್ಲಿಕ್ಕಿಗೆ 1 ಕ್ರೆಡಿಟ್ (ಆಟದ ಹಣ) ಇಲ್ಲವೇ 1 ಕಾರ್ಡ್ ಸಿಗುತ್ತದೆ. ‘ಶೂರ್ ಗ್ಯಾಂಬಲ್’ ಎಂಬ ಕಾರ್ಡ್ ಹಳೆಯ ಅಳತೆಗೋಲು: 5 ಕ್ರೆಡಿಟ್ ಕೊಟ್ಟರೆ 9 ಬರುತ್ತದೆ. ಲಾಭ 4 ಎನಿಸಿದರೂ ಕಾರ್ಡ್ ಎಳೆಯಲು ಒಂದು, ಆಡಲು ಒಂದು ಕ್ಲಿಕ್ ಕಳೆದರೆ ಉಳಿಯುವುದು 2. ಕೈಯಲ್ಲಿ 5 ಇಲ್ಲದಿದ್ದರೆ ಅದೂ ಇಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಬರೀ ಲೆಕ್ಕ ಸಾಲದು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ನೋಡಿ ದರ ಕಟ್ಟಿದರೆ ತಪ್ಪುತ್ತದೆ, ಅದರ ಹೆಚ್ಚುಗಾರಿಕೆ ಇರುವುದು ಬಣ್ಣದಲ್ಲಿ. ಕಾರ್ಡನ್ನೂ ಅದು ಯಾವ ಡೆಕ್ಕಿನಲ್ಲಿ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದರಿಂದ ತೂಗಬೇಕು. ಬೇರೆ ಬಣದ ಕಾರ್ಡಾದರೆ ಪ್ರಭಾವದ ಅಂಕವನ್ನೂ ತೆರಬೇಕು. ಒಂದು ಡೆಕ್ಕಿಗೆ ಅದರ ಸಾಮಾನ್ಯ ಮಿತಿ 15.