ಒಂದೇ ಗೋಡೆ, ಎರಡು ಬಿಲ್ಲು: ಮುಂಬಯಿ ಘರಪಟ್ಟಿಯ ಕಥೆ

ಈ ಸಲದ ಮಾತು ಶುರುವಾಗಿದ್ದು ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ. ನಾನು ಅಲ್ಲಿ ಎರಡು ವರ್ಷದಿಂದ ಖಜಾಂಚಿ. ಲೆಕ್ಕ ಓದಿ ಮುಗಿಸಿದೆ. ಕೆಳಗಡೆ ಸ್ಟೇಷನರಿ ಅಂಗಡಿ ಇಟ್ಟಿರೋ ಶೆಟ್ಟರು ಎದ್ದು ನಿಂತು ಕೇಳಿದರು: "ಮಾರಾಯ್ರೆ, ನನ್ನ ಅಂಗಡಿ ಇನ್ನೂರು ಅಡಿಯೂ ಇಲ್ಲ. ಮೇಲಿನ ಮನೆ ನಾನೂರ ಎಂಬತ್ತು ಅಡಿ. ಒಂದೇ ಕಟ್ಟಡ, ಒಂದೇ ಗೋಡೆ. ಅವರ ಘರಪಟ್ಟಿ ಸೊನ್ನೆ, ನನಗೆ ಮಾತ್ರ ಇಷ್ಟು ಯಾಕೆ?"

"ಕಾನೂನು ಹಾಗಿದೆ" ಅಂತ ಹೇಳಿ ಕೂತೆ. ಆದರೆ ಆ ಉತ್ತರ ನನಗೇ ಸಾಕೆನಿಸಲಿಲ್ಲ. ಕಾನೂನು ಹಾಗೆ ಯಾಕೆ ಆಯ್ತು ಅಂತ ಹುಡುಕುತ್ತಾ ಹೋದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಮೊದಲು 1865. ಮುಂಬಯಿಗೆ ಮೊದಲ ಮುನಿಸಿಪಲ್ ಕಮಿಷನರ್ ಆಗಿ ಆರ್ಥರ್ ಕ್ರಾಫರ್ಡ್ ಬಂದ. ಅವನ ಹೆಸರಿನ ಮಾರ್ಕೆಟ್ ನಿಮಗೆಲ್ಲ ಗೊತ್ತು. ರಸ್ತೆ, ಚರಂಡಿ, ಮಾರುಕಟ್ಟೆ ಅಂತ ಧಾರಾಳವಾಗಿ ಖರ್ಚು ಮಾಡಿದ. ತೆರಿಗೆ ಏರಿತು. 1871ರಲ್ಲಿ ತೆರಿಗೆದಾರರು ಗಲಾಟೆ ಎಬ್ಬಿಸಿದರು. ಅದರ ಫಲವೇ 1872ರ ಕಾಯಿದೆ. 64 ಸದಸ್ಯರ ಕಾರ್ಪೊರೇಷನ್ ಬಂತು, ಅದರಲ್ಲಿ ಅರ್ಧ ಜನರನ್ನು ತೆರಿಗೆ ಕಟ್ಟುವವರೇ ಆರಿಸಬೇಕು ಅಂತಾಯ್ತು. ಇಲ್ಲೊಂದು ವಿಷಯ ಗಮನಿಸಿ. ಈ ಊರಲ್ಲಿ ಜನರಿಗೆ ಓಟು ಸಿಕ್ಕಿದ್ದೇ ಮನೆ ತೆರಿಗೆಯ ಜಗಳದಿಂದ.

ಆಮೇಲೆ 1888ರ ಮುನಿಸಿಪಲ್ ಕಾಯಿದೆ. ಅದನ್ನು ರೂಪಿಸಿದವರಲ್ಲಿ ಫಿರೋಜ್ ಷಾ ಮೆಹ್ತಾ ಪ್ರಮುಖರು. ತಿದ್ದುಪಡಿಗಳ ಜೊತೆ ಇವತ್ತಿಗೂ ಮುಂಬಯಿ ನಡೆಯುತ್ತಿರೋದು ಅದೇ ಕಾಯಿದೆಯ ಮೇಲೆ. ತೆರಿಗೆ ಲೆಕ್ಕಕ್ಕೆ ಅದು ಇಂಗ್ಲೆಂಡಿನ ಹಳೆಯ ಪದ್ಧತಿಯನ್ನೇ ತಂತು. ಈ ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬರಬಹುದು? ಅದರಲ್ಲಿ ರಿಪೇರಿಗೆ ಅಂತ ಶೇಕಡಾ 10 ಕಳೆಯಿರಿ. ಉಳಿದದ್ದು ರೇಟೆಬಲ್ ವ್ಯಾಲ್ಯೂ. ಅದರ ಮೇಲೆ ತೆರಿಗೆ. ನೀವೇ ವಾಸ ಮಾಡಿದರೂ ಸರಿ, ಒಬ್ಬ ಬಾಡಿಗೆದಾರ ಇದ್ದಾನೆ ಅಂತ ಊಹಿಸಿಕೊಂಡು ಲೆಕ್ಕ. ಬಾಡಿಗೆ ಏರಿದ ಹಾಗೆ ಮರುಮೌಲ್ಯಮಾಪನ, ತೆರಿಗೆಯೂ ಏರುತ್ತದೆ. ಕೇಳೋಕೆ ಸರಳ, ಅಲ್ವಾ?

ಆ ಸರಳ ಲೆಕ್ಕ ಕೆಟ್ಟಿದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಊರಿಗೆ ಜನ ನುಗ್ಗಿದರು, ಮನೆ ಸಾಲಲಿಲ್ಲ. ಬಾಡಿಗೆ ಹತೋಟಿ ಬಂತು. 1947ರ ಬಾಂಬೆ ರೆಂಟ್ ಆಕ್ಟ್ ಪ್ರಕಾರ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಸ್ಟ್ಯಾಂಡರ್ಡ್ ರೆಂಟ್. ಆಮೇಲೆ ಮೊದಲ ಬಾರಿ ಬಾಡಿಗೆಗೆ ಹೋದ ಜಾಗಕ್ಕೆ ಆ ಮೊದಲ ಬಾಡಿಗೆ. ಅಲ್ಲಿಗೆ ಗೂಟ ಹೊಡೆದ ಹಾಗೆ.

ನನ್ನ ಅಜ್ಜ ಕುಂದಾಪುರದ ಕಡೆಯಿಂದ ಬಂದು ಹೋಟೆಲಲ್ಲಿ ದುಡಿದವರು. ಚಾಳಿನ ಒಂದು ಖೋಲಿಯಲ್ಲಿ ಊರಿನ ಏಳೆಂಟು ಜನ. ಆ ಕಾನೂನು ಇರದಿದ್ದರೆ ಅವರಂಥವರು ಮುಂಬಯಿಯಲ್ಲಿ ನಿಲ್ಲೋದೇ ಕಷ್ಟವಾಗುತ್ತಿತ್ತು. ಹಾಗಾಗಿ ಬಾಡಿಗೆ ಕಾನೂನನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು.

ತೆರಿಗೆಯ ಬೇರು ಬಾಡಿಗೆಯಲ್ಲಿದೆ, ಬಾಡಿಗೆ ಕಟ್ಟಿಹಾಕಲಾಗಿದೆ. ಹಾಗಾದರೆ ತೆರಿಗೆ? ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯ್ತು. 1961ರಲ್ಲಿ ಕಲ್ಕತ್ತಾ ಕಾರ್ಪೊರೇಷನ್‌ನ ಮೊಕದ್ದಮೆಯಲ್ಲಿ ಕೋರ್ಟು ಹೇಳಿತು: ಕಾನೂನು ಮೀರಿದ ಬಾಡಿಗೆಯನ್ನು 'ನ್ಯಾಯವಾದ ಬಾಡಿಗೆ' ಅನ್ನೋಕಾಗಲ್ಲ. ಆಮೇಲೆ ಆಂಧ್ರದ ಗುಂಟೂರಿನದು, ಎಪ್ಪತ್ತರ ದಶಕದ ಕೊನೆಗೆ ದೆಹಲಿಯದು. ಸ್ಟ್ಯಾಂಡರ್ಡ್ ರೆಂಟ್ ಎಷ್ಟು ಅಂತ ಯಾರೂ ನಿಗದಿ ಮಾಡಿಸದೇ ಇದ್ದರೂ, ಎಷ್ಟು ಆಗಬಹುದಿತ್ತೋ ಅದಕ್ಕಿಂತ ಹೆಚ್ಚು ಮೌಲ್ಯ ಹಾಕುವ ಹಾಗಿಲ್ಲ ಅಂತ ತೀರ್ಮಾನ ಆಯ್ತು.

ಪರಿಣಾಮ ಏನು? ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 1940ರಲ್ಲಿ ತಿಂಗಳಿಗೆ 25 ರೂಪಾಯಿ ಬಾಡಿಗೆ ಇದ್ದ ಜಾಗ. ವರ್ಷಕ್ಕೆ 300, ಶೇಕಡಾ 10 ಕಳೆದರೆ 270. ಪಕ್ಕದಲ್ಲೇ ಹೊಸ ಕಟ್ಟಡ, ಅಷ್ಟೇ ದೊಡ್ಡ ಜಾಗ, ಮೊದಲ ಬಾಡಿಗೆ ತಿಂಗಳಿಗೆ 1,000. ವರ್ಷಕ್ಕೆ 12,000, ಕಳೆದು 10,800. ಒಂದೇ ರಸ್ತೆ, ಒಂದೇ ನೀರು, ಒಂದೇ ಕಸದ ಗಾಡಿ. ತೆರಿಗೆಯಲ್ಲಿ ಮಾತ್ರ 40 ಪಟ್ಟು ವ್ಯತ್ಯಾಸ. ಊರಿನ ತೆರಿಗೆ ಹೊರೆ ಹೊಸ ಕಟ್ಟಡಗಳ ಮೇಲೆ, ಆಫೀಸುಗಳ ಮೇಲೆ ಜಾರುತ್ತಾ ಹೋಯ್ತು. ಹಳೆ ಕಟ್ಟಡದ ಮಾಲೀಕನ ಕೈಗೆ ಬಾಡಿಗೆ ಬರಲ್ಲ, ಅವನು ರಿಪೇರಿ ಮಾಡಲ್ಲ. ಪ್ರತಿ ಮಳೆಗಾಲ ಕಟ್ಟಡ ಕುಸಿದ ಸುದ್ದಿ ಓದುತ್ತೇವಲ್ಲ, ಅದರ ಬೇರಿನ ಒಂದು ಎಳೆ ಇಲ್ಲಿದೆ. ಕಾರ್ಪೊರೇಷನ್ ತನ್ನ ಖರ್ಚಿಗೆ ಆಕ್ಟ್ರಾಯ್ ಮೇಲೆ ಒರಗಿಕೊಂಡಿತು.

ಇಲ್ಲೊಂದು ನಮ್ಮ ಕಡೆಯ ಹೆಸರು ಬರುತ್ತದೆ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಹೆಸರು 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ'. ಮೊದಲ ಪದ ನೋಡಿ, ಉಡುಪಿಯ ಸಮುದ್ರ ನೆನಪಾಗಲ್ವಾ? ಕೋರ್ಟು ಹೇಳಿದ ಸಾರ ಇಷ್ಟು: 1947ರಲ್ಲಿ ನ್ಯಾಯವಾಗಿದ್ದ ಕಾನೂನು ಕಾಲ ಸರಿದ ಹಾಗೆ ಅನ್ಯಾಯ ಆಗಬಹುದು, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿ ಇಡೋದು ಈಗ ಸರಿಯಲ್ಲ. ಹೊಸ ಕಾನೂನು ಬರೋದರಲ್ಲಿತ್ತು, ಹಾಗಾಗಿ ಹಳೆಯದನ್ನು ರದ್ದು ಮಾಡಲಿಲ್ಲ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆಕ್ಟ್ ವರ್ಷಕ್ಕೆ ಶೇಕಡಾ 4 ಏರಿಕೆಗೆ ಒಪ್ಪಿತು. ದೊಡ್ಡ ಕಂಪನಿ, ಬ್ಯಾಂಕುಗಳನ್ನು ರಕ್ಷಣೆಯಿಂದ ಹೊರಗಿಟ್ಟಿತು.

ಅಷ್ಟರಲ್ಲಿ ಬೇರೆ ಊರುಗಳು ಬಾಡಿಗೆಯ ಲೆಕ್ಕವನ್ನೇ ಬಿಡತೊಡಗಿದ್ದವು. ಪಟ್ನಾ 1993ರಲ್ಲಿ ಅಡಿ ಲೆಕ್ಕಕ್ಕೆ ಹೋಯ್ತು. ಬೆಂಗಳೂರಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಎಸ್‌ಎಎಸ್ ಬಂತು, 2008ರಲ್ಲಿ ಊರನ್ನು ಆರು ವಲಯ ಮಾಡಿ ಅಡಿಗಿಷ್ಟು ಅನ್ನುವ ಯೂನಿಟ್ ಏರಿಯಾ ಪದ್ಧತಿ. ಮುಂಬಯಿ ಆರಿಸಿಕೊಂಡ ದಾರಿ ಬೇರೆ. 2010ರ ಏಪ್ರಿಲ್ 1ರಿಂದ ಲೆಕ್ಕ ಕ್ಯಾಪಿಟಲ್ ವ್ಯಾಲ್ಯೂ ಮೇಲೆ. ಸ್ಟಾಂಪ್ ಡ್ಯೂಟಿಗೆ ಬಳಸುವ ರೆಡಿ ರೆಕನರ್ ದರ ಹಿಡಿದು, ಅದಕ್ಕೆ ಕಟ್ಟಡದ ಬಗೆ, ವಯಸ್ಸು, ಬಳಕೆ, ವಿಸ್ತೀರ್ಣ ಸೇರಿಸಿ ಮೌಲ್ಯ ಕಟ್ಟೋದು. ಐದು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ.

ಒಮ್ಮೆಲೇ ಹೊಡೆತ ಬೀಳಬಾರದು ಅಂತ ಕಾನೂನಲ್ಲೇ ಮಿತಿ ಇಟ್ಟರು. ಹೊಸ ಪದ್ಧತಿಗೆ ಬರುವಾಗ ವಾಸದ ಮನೆಗೆ ಹಳೆ ತೆರಿಗೆಯ ಎರಡು ಪಟ್ಟು ಮೀರಬಾರದು, ವಾಣಿಜ್ಯ ಜಾಗಕ್ಕೆ ಮೂರು ಪಟ್ಟು. ಆಮೇಲಿನ ಪರಿಷ್ಕರಣೆಯಲ್ಲಿ ಶೇಕಡಾ 40ರ ಮಿತಿ. 500 ಚದರಡಿ ಒಳಗಿನ ಮನೆಗಳಿಗೆ ಮೊದಲ ಐದು ವರ್ಷ ಏರಿಕೆಯೇ ಇಲ್ಲ. 2022ರ ಜನವರಿ 1ರಂದು ಆ ಚಿಕ್ಕ ಮನೆಗಳಿಗೆ ಪೂರ್ತಿ ತೆರಿಗೆ ಮನ್ನಾ ಘೋಷಣೆ ಆಯ್ತು. ಶೆಟ್ಟರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಮನ್ನಾ ಮನೆಗೆ ಮಾತ್ರ, ಅಂಗಡಿಗಲ್ಲ. ಉಳಿದರ್ಧ: ಬಳಕೆ ಬದಲಾದರೆ ಮೌಲ್ಯದ ತೂಕವೂ ಬೇರೆ, ತೆರಿಗೆ ದರವೂ ಬೇರೆ. 501 ಅಡಿ ಮನೆಯವರಿಗೂ ಈ ಮನ್ನಾ ಇಲ್ಲ, ಅದು ಬೇರೆ ಸಂಕಟ.

ಕಟ್ಟಡ ಮಾಲೀಕರು ಸುಮ್ಮನೆ ಕೂರಲಿಲ್ಲ. 2010 ಮತ್ತು 2015ರ ನಿಯಮಗಳನ್ನು ಪ್ರಶ್ನಿಸಿದರು. 2019ರಲ್ಲಿ ಬಾಂಬೆ ಹೈಕೋರ್ಟ್ ಕೆಲವು ನಿಯಮ ಹೊಡೆದುಹಾಕಿತು, 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಾಗದ ಮೇಲೆ ಮುಂದೆ ಎಷ್ಟು ಅಂತಸ್ತು ಏರಿಸಬಹುದು ಅನ್ನೋ ಲೆಕ್ಕದ ಮೇಲೆ ಇವತ್ತು ತೆರಿಗೆ ಹಾಕುವಂತಿಲ್ಲ, ಈಗ ಇರುವ ಸ್ಥಿತಿಯನ್ನೇ ನೋಡಬೇಕು. ನಿಯಮವನ್ನು ಹಿಂದಿನ ದಿನಾಂಕದಿಂದ ಹೇರುವಂತೆಯೂ ಇಲ್ಲ.

ಇನ್ನು 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಆಕ್ಟ್ರಾಯ್ ನಿಂತಿತು. ಅದಕ್ಕೆ ಪರಿಹಾರದ ಹಣ ರಾಜ್ಯದಿಂದ ಬರುತ್ತದೆ ನಿಜ, ಆದರೆ ಊರು ತಾನೇ ಎತ್ತುವ ದುಡ್ಡಿನಲ್ಲಿ ಘರಪಟ್ಟಿಯ ತೂಕ ಹೆಚ್ಚಾಯ್ತು. ಮನೆಯವರಿಗೆ ಓಟಿದೆ, ಸಂಖ್ಯೆ ಇದೆ. ಅಂಗಡಿಯವರು ಕಡಿಮೆ. ರಿಯಾಯಿತಿ ಯಾವ ಕಡೆ ಹರಿಯುತ್ತದೆ ಅಂತ ಹೇಳಬೇಕಾಗಿಲ್ಲ. ಅಂಗಡಿ ತೆರಿಗೆ ಕೊನೆಗೆ ಪೆನ್ನು ಪುಸ್ತಕದ ಬೆಲೆಯಲ್ಲೋ, ಇಡ್ಲಿ ಪ್ಲೇಟಿನಲ್ಲೋ ಒಂದಿಷ್ಟು ನಮಗೇ ಬರುತ್ತದೆ.

ಮುಂದೂಡಿದರೆ ಏನಾಗುತ್ತೆ ಅಂತ ಚೆನ್ನೈ ಗೆಳೆಯರನ್ನು ಕೇಳಿ. ಅಲ್ಲಿ ಹಳೇ ನಗರ ಭಾಗದಲ್ಲಿ 1998ರ ನಂತರ ದೊಡ್ಡ ಪರಿಷ್ಕರಣೆ ಆಗಿರಲಿಲ್ಲ. 2022ರಲ್ಲಿ ಆದಾಗ ಚಿಕ್ಕ ಮನೆಗೇ ಶೇಕಡಾ 50, 1,800 ಅಡಿ ಮೀರಿದ ಮನೆಗೆ ಮತ್ತು ವಾಣಿಜ್ಯ ಕಟ್ಟಡಕ್ಕೆ ಶೇಕಡಾ 150 ಏರಿತು. 24 ವರ್ಷ ಸ್ವಲ್ಪ ಸ್ವಲ್ಪ ಏರಬೇಕಾದದ್ದು ಒಂದೇ ಬಿಲ್ಲಿನಲ್ಲಿ ಬಂತು. ತೆರಿಗೆ ಏರಿಸದ ಸರ್ಕಾರ ಒಳ್ಳೆಯದು ಅಂದುಕೊಳ್ಳುತ್ತೇವೆ. ಅದು ಸಾಲವನ್ನು ಮುಂದಿನವರ ಹೆಸರಿಗೆ ಬರೆದಿಡೋದು ಅಷ್ಟೇ.

ಮುಂದಿನ ಭಾನುವಾರ ಶೆಟ್ಟರ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಕಥೆ ಚೆನ್ನಾಗಿದೆ, ಬಿಲ್ಲು ಕಮ್ಮಿ ಆಗಲಿಲ್ವಲ್ಲ" ಅಂದರು. ಆಮೇಲೆ ಇಬ್ಬರೂ ಕೂತು ಬಿಲ್ಲಿನಲ್ಲಿ ಬರೆದಿರೋ ವಿಸ್ತೀರ್ಣ, ಕಟ್ಟಿದ ವರ್ಷ, ಬಳಕೆ ಮೂರನ್ನೂ ಅವರ ಕಾಗದಪತ್ರದ ಜೊತೆ ತಾಳೆ ನೋಡಿದೆವು. ಎಲ್ಲ ಸರಿಯಿತ್ತು. ನಿಮ್ಮ ಮನೆಯದ್ದನ್ನೂ ಒಮ್ಮೆ ನೋಡಿ. ಬಿಲ್ಲಿನ ಕೊನೆಯ ಮೊತ್ತ ನಮ್ಮ ಕೈಯಲ್ಲಿಲ್ಲ, ಆದರೆ ಅದರ ಮೊದಲ ಸಾಲುಗಳು ಸರಿಯಿವೆಯೋ ಇಲ್ಲವೋ ಅಂತ ನೋಡೋದು ನಮ್ಮದೇ ಕೆಲಸ.