ಪ್ರತೀತ್ಯಸಮುತ್ಪಾದ: ಧ್ಯಾನದಲ್ಲಿ ಕಂಡ ಪರಸ್ಪರಾವಲಂಬನೆ

ಬೌದ್ಧ ದರ್ಶನದಲ್ಲಿ ಪರಸ್ಪರಾವಲಂಬನೆಯ ತತ್ತ್ವಕ್ಕೆ ಪ್ರತೀತ್ಯಸಮುತ್ಪಾದವೆಂದು ಹೆಸರು. 'ಪ್ರತೀತ್ಯ' ಎಂದರೆ ಆಶ್ರಯಿಸಿ. 'ಸಮುತ್ಪಾದ' ಎಂದರೆ ಒಡಗೂಡಿ ಹುಟ್ಟುವುದು. ಯಾವ ವಸ್ತುವೂ ಯಾವ ಭಾವವೂ ತನ್ನಿಂದ ತಾನೇ ಹುಟ್ಟುವುದಿಲ್ಲ. ಹೇತು-ಪ್ರತ್ಯಯಗಳನ್ನು ಆಶ್ರಯಿಸಿ ಹುಟ್ಟುತ್ತದೆ, ಅವು ಇಲ್ಲವಾದಾಗ ಇಲ್ಲವಾಗುತ್ತದೆ ಎಂಬುದು ಇದರ ತಾತ್ಪರ್ಯ. ಇಂದು ಈ ತತ್ತ್ವವನ್ನು 'ಜಗತ್ತೆಲ್ಲವೂ ಒಂದೇ' ಎಂಬ ಸೌಹಾರ್ದದ ಮಾತಾಗಿ ಗ್ರಹಿಸುವುದು ವಾಡಿಕೆಯಾಗಿದೆ. ಮೂಲಗ್ರಂಥಗಳ ದಾರಿ ಬೇರೆ. ಅಲ್ಲಿ ಇದು ದುಃಖದ ಮೂಲವನ್ನು ಅರಸಿದ ಧ್ಯಾನದಲ್ಲಿ ದೊರೆತ ಕಾಣ್ಕೆ. ಆ ಕಾಣ್ಕೆಯು ಸಾಧನಾಪರಂಪರೆಗಳಲ್ಲಿ ಬೆಳೆದುಬಂದ ಬಗೆಯನ್ನು ಪರಿಶೀಲಿಸಿದರೆ ಅದರೊಳಗಿನ ಒಂದು ನೈತಿಕ ಪ್ರಶ್ನೆಯೂ ಎದುರಾಗುತ್ತದೆ: ಎಲ್ಲವೂ ಕಾರಣಗಳಿಂದಲೇ ಹುಟ್ಟುವುದಾದರೆ ಮನುಷ್ಯನ ಹೊಣೆಗೆ ಎಡೆಯೆಲ್ಲಿ?

'ಉದಾನ'ವೆಂಬ ಪಾಲಿ ಗ್ರಂಥದ ಮೊದಲ ಮೂರು ಸುತ್ತಗಳ ಹಿನ್ನೆಲೆ ಉರುವೇಲೆಯ ನೇರಂಜರಾ ನದಿಯ ದಡ. ಬೋಧಿ ಪಡೆದ ಬುದ್ಧನು ಏಳು ದಿನ ಒಂದೇ ಆಸನದಲ್ಲಿ ಕುಳಿತಿದ್ದು, ಸಮಾಧಿಯಿಂದೆದ್ದ ಮೇಲೆ ರಾತ್ರಿಯ ಮೊದಲ ಯಾಮದಲ್ಲಿ ಈ ಕಾರಣಸರಣಿಯನ್ನು ಅನುಲೋಮವಾಗಿ, ನಡುಯಾಮದಲ್ಲಿ ಪ್ರತಿಲೋಮವಾಗಿ, ಕೊನೆಯ ಯಾಮದಲ್ಲಿ ಎರಡೂ ಕ್ರಮಗಳಲ್ಲಿ ಮನನ ಮಾಡಿದನೆಂದು ಅವು ತಿಳಿಸುತ್ತವೆ. ಅವಿದ್ಯೆ, ಸಂಸ್ಕಾರ, ವಿಜ್ಞಾನ, ನಾಮರೂಪ, ಷಡಾಯತನ, ಸ್ಪರ್ಶ, ವೇದನೆ, ತೃಷ್ಣೆ, ಉಪಾದಾನ, ಭವ, ಜಾತಿ, ಜರಾಮರಣ ಎಂಬ 12 ನಿದಾನಗಳು ಒಂದನ್ನೊಂದು ಆಶ್ರಯಿಸಿ ದುಃಖರಾಶಿಯನ್ನು ಹುಟ್ಟಿಸುವುದು ಅನುಲೋಮಕ್ರಮ. ಒಂದರ ನಿರೋಧದಿಂದ ಮತ್ತೊಂದು ಅಡಗುವುದು ಪ್ರತಿಲೋಮಕ್ರಮ. ಆಶ್ರಯದಿಂದ ನಿಂತದ್ದು ಆಶ್ರಯ ತಪ್ಪಿದರೆ ನಿಲ್ಲಲಾರದು. ಹೀಗೆ ಬಂಧನಕ್ಕೆ ಕಾರಣವಾದ ಅವಲಂಬನೆಯಲ್ಲಿಯೇ ಬಿಡುಗಡೆಯ ಸಾಧ್ಯತೆಯೂ ಇದೆ.

ಈ ಸರಣಿಗೆ ಆದಿಕಾರಣವೊಂದಿದೆಯೆಂದು ಭಾವಿಸಬಾರದು. ಸಂಯುತ್ತನಿಕಾಯದಲ್ಲಿ ವಾರಾಣಸಿಯ ಇಸಿಪತನದಲ್ಲಿ ಸಾರಿಪುತ್ತ ಮತ್ತು ಮಹಾಕೊಟ್ಠಿತ ಎಂಬ ಇಬ್ಬರು ಭಿಕ್ಷುಗಳ ನಡುವೆ ನಡೆದ ಸಂವಾದವೊಂದಿದೆ. ವಿಜ್ಞಾನವು ನಾಮರೂಪವನ್ನು ಆಶ್ರಯಿಸಿದೆ, ನಾಮರೂಪವು ವಿಜ್ಞಾನವನ್ನು ಆಶ್ರಯಿಸಿದೆ ಎಂದು ಸಾರಿಪುತ್ತನು ಹೇಳಿದಾಗ ಕೇಳುವವನಿಗೆ ಗೊಂದಲವಾಗುತ್ತದೆ. ಆಗ ಸಾರಿಪುತ್ತನು ಜೊಂಡಿನ ಎರಡು ಕಂತೆಗಳ ದೃಷ್ಟಾಂತ ಕೊಡುತ್ತಾನೆ. ಒಂದಕ್ಕೊಂದು ಒರಗಿ ನಿಂತ ಕಂತೆಗಳಲ್ಲಿ ಯಾವುದನ್ನು ಎಳೆದರೂ ಇನ್ನೊಂದು ಉರುಳುತ್ತದೆ. ಅರಿವು ಮತ್ತು ಅರಿವಿಗೆ ಆಸರೆಯಾದ ದೇಹಮನಸ್ಸುಗಳ ಸಂಬಂಧವೂ ಹಾಗೆಯೇ.

ಕುರುದೇಶದ ಕಮ್ಮಾಸದಮ್ಮವೆಂಬ ಊರಿನಲ್ಲಿ ಉಪದೇಶಿಸಲ್ಪಟ್ಟ ಮಹಾನಿದಾನ ಸುತ್ತವು ಈ ವಿಚಾರವನ್ನು ಸಮಾಜಕ್ಕೂ ವಿಸ್ತರಿಸುತ್ತದೆ. ಪ್ರತೀತ್ಯಸಮುತ್ಪಾದವು ಗಂಭೀರವಾದರೂ ತನಗೆ ತಿಳಿಯಾಗಿಯೇ ತೋರುತ್ತದೆಂದು ಆನಂದನು ಅನ್ನುತ್ತಾನೆ. ಹಾಗೆನ್ನಬೇಡವೆಂದು ಬುದ್ಧನು ತಡೆಯುತ್ತಾನೆ. ಇದನ್ನು ಅರಿಯದೆಯೇ ಜನ ಸಿಕ್ಕುಬಿದ್ದ ನೂಲಿನಂತಾಗಿದ್ದಾರೆ ಎಂಬುದು ಅವನ ಉತ್ತರ. ತೃಷ್ಣೆಯಿಂದ ಅರಸಾಟ, ಅರಸಾಟದಿಂದ ಲಾಭ, ಲಾಭದಿಂದ ಆಸಕ್ತಿ, ಆಸಕ್ತಿಯಿಂದ ಪರಿಗ್ರಹ, ಪರಿಗ್ರಹದಿಂದ ಮಾತ್ಸರ್ಯ, ಅದರಿಂದ ಕಾವಲು, ಕಾವಲಿನಿಂದ ದೊಣ್ಣೆ, ಶಸ್ತ್ರ, ಜಗಳ, ಸುಳ್ಳು ಎಂದು ಈ ಸುತ್ತ ಎಣಿಸುತ್ತ ಹೋಗುತ್ತದೆ. ಒಬ್ಬನ ಮನಸ್ಸಿನಲ್ಲಿ ಮೊಳೆತ ಬಯಕೆ ಬೀದಿಯ ಕಲಹವಾಗುವ ಹಾದಿಯನ್ನು ಇಷ್ಟು ಸಂಕ್ಷೇಪವಾಗಿ ತೋರಿಸಿದ ಪ್ರಾಚೀನ ಪಠ್ಯಗಳು ವಿರಳ.

ಸತಿಪಟ್ಠಾನ ಸುತ್ತದ ಉಪದೇಶವೂ ಇದೇ ಕಮ್ಮಾಸದಮ್ಮದಲ್ಲಿ ನಡೆದುದೆಂದು ಪಾಲಿ ಪರಂಪರೆ ಹೇಳುತ್ತದೆ. ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ನೆಲೆಗಳಲ್ಲಿ ಸ್ಮೃತಿಯನ್ನು ನಿಲ್ಲಿಸುವ ಈ ಸಾಧನೆಯಲ್ಲಿ ವೇದನೆಗೆ ವಿಶೇಷ ಮಹತ್ತ್ವವಿದೆ. ಸುಖ, ದುಃಖ, ಎರಡೂ ಅಲ್ಲದ ಅನುಭವ ಯಾವುದೇ ಬರಲಿ, ಸಾಧಕನು ಅದನ್ನು ಅದಿರುವಂತೆಯೇ ಅರಿಯಬೇಕು. ನಿದಾನಸರಣಿಯಲ್ಲಿ ವೇದನೆಯ ಮುಂದಿನ ಕೊಂಡಿ ತೃಷ್ಣೆ. ಅರಿವು ಎಚ್ಚರವಾಗಿದ್ದರೆ ವೇದನೆಯು ತೃಷ್ಣೆಯಾಗಿ ಬೆಳೆಯದೆ ಉಳಿಯಬಹುದು. ಹೊಣೆಯ ಪ್ರಶ್ನೆಗೆ ಉತ್ತರದ ಮೊದಲ ಎಳೆ ದೊರೆಯುವುದು ಇಲ್ಲಿ.

ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಬುದ್ಧಘೋಷನು ರಚಿಸಿದ 'ವಿಸುದ್ಧಿಮಗ್ಗ' ಈ ಸಾಧನೆಗೆ ಕ್ರಮಬದ್ಧ ರೂಪ ಕೊಟ್ಟಿತು. ನಾಮರೂಪಗಳ ಸಂಬಂಧವನ್ನು ವಿವರಿಸಲು ಅವನು ಕುಂಟನನ್ನು ಹೊತ್ತು ನಡೆಯುವ ಕುರುಡನ ದೃಷ್ಟಾಂತವನ್ನು ಬಳಸುತ್ತಾನೆ. 'ಸಾಂಖ್ಯಕಾರಿಕೆ'ಯನ್ನು ಬಲ್ಲವರಿಗೆ ಇದು ಪ್ರಕೃತಿ-ಪುರುಷರ ಪಂಗ್ವಂಧನ್ಯಾಯವಾಗಿ ಪರಿಚಿತ. ಆದರೆ ಸಾಂಖ್ಯದಲ್ಲಿ ಪುರುಷನು ನಿತ್ಯತತ್ತ್ವ. ಬುದ್ಧಘೋಷನಲ್ಲಿ ಇಬ್ಬರೂ ಅನಿತ್ಯರು, ಒಬ್ಬರನ್ನು ಬಿಟ್ಟು ಇನ್ನೊಬ್ಬರಿಲ್ಲ. ಪ್ರತ್ಯಯಗಳನ್ನು ಗುರುತಿಸುವ ಹಂತದಲ್ಲಿ ಸಾಧಕನು ತನ್ನ ದೇಹವನ್ನೇ ಪರಿಶೀಲಿಸುತ್ತಾನೆ. ಅವಿದ್ಯೆ, ತೃಷ್ಣೆ, ಉಪಾದಾನಗಳು ಅದಕ್ಕೆ ತಾಯಿಯಂತೆ, ಕರ್ಮವು ತಂದೆಯಂತೆ, ಆಹಾರವು ಸಾಕುವ ದಾದಿಯಂತೆ. ಹೀಗೆ ಕಂಡವನಿಗೆ 'ಹಿಂದೆ ನಾನಿದ್ದೆನೆ, ಮುಂದೆ ಇರುವೆನೆ' ಎಂಬ ಸಂಶಯಗಳು ಕಳಚುತ್ತವೆ. ಆದ್ದರಿಂದ ಈ ಹಂತಕ್ಕೆ 'ಕಂಖಾವಿತರಣ ವಿಸುದ್ಧಿ' ಎಂದು ಹೆಸರು.

ಮಹಾಯಾನದಲ್ಲಿ ಈ ತತ್ತ್ವದ ವ್ಯಾಪ್ತಿ ಹಿಗ್ಗಿತು. ನಾಗಾರ್ಜುನನು 'ಮೂಲಮಧ್ಯಮಕಕಾರಿಕೆ'ಯಲ್ಲಿ ಪ್ರತೀತ್ಯಸಮುತ್ಪಾದವನ್ನೇ ಶೂನ್ಯತೆ ಎಂದು ಕರೆದನು. ಆಶ್ರಯಿಸಿ ಹುಟ್ಟಿದ್ದಕ್ಕೆ ಸ್ವಭಾವವಿರಲಾರದು ಎಂಬುದು ಅವನ ವಾದ. 8ನೆಯ ಶತಮಾನದ ಶಾಂತಿದೇವನು ಇದನ್ನು ಕರುಣೆಯ ಧ್ಯಾನವಾಗಿಸಿದನು. 'ಬೋಧಿಚರ್ಯಾವತಾರ'ದ ಕ್ಷಾಂತಿಪಾರಮಿತಾ ಪರಿಚ್ಛೇದದಲ್ಲಿ ಅವನು ಕೇಳುವ ಪ್ರಶ್ನೆ ಹರಿತವಾದದ್ದು: ನೋವು ತರುವ ಪಿತ್ತದ ಮೇಲೆ ಯಾರೂ ಕೋಪಿಸಿಕೊಳ್ಳರು, ಕಾರಣಗಳಿಗೆ ಸಿಕ್ಕಿ ನೋಯಿಸುವ ಮನುಷ್ಯನ ಮೇಲೆ ಮಾತ್ರ ಕೋಪವೇಕೆ? ಧ್ಯಾನಪಾರಮಿತಾ ಪರಿಚ್ಛೇದದಲ್ಲಿ ಮತ್ತೊಂದು ಪ್ರಶ್ನೆಯಿದೆ: ಕಾಲಿನ ನೋವು ಕೈಯದಲ್ಲದಿದ್ದರೂ ಕೈ ಕಾಲನ್ನು ಕಾಯುವುದಾದರೆ, ಪರರ ನೋವನ್ನು ಪರರದೆಂದು ಬಿಡುವುದು ಹೇಗೆ?

ಈ ಪರಂಪರೆ ಟಿಬೆಟ್ಟಿನ ಮೂಲಕ ಕರ್ನಾಟಕಕ್ಕೂ ಬಂದಿದೆ. 1960ರ ದಶಕದಲ್ಲಿ ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ಟಿಬೆಟಿಯನ್ ನಿರಾಶ್ರಿತರು ನೆಲೆಸಿದರು. ಸೆರಾ ವಿಹಾರವು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಮುಂಡಗೋಡಿನಲ್ಲಿ ಮರುಸ್ಥಾಪನೆಗೊಂಡವು. ನಾಗಾರ್ಜುನ, ಶಾಂತಿದೇವರ ಗ್ರಂಥಗಳು ಅಲ್ಲಿ ಅಧ್ಯಯನಕ್ಕೂ ವಾದಕ್ಕೂ ಧ್ಯಾನಕ್ಕೂ ವಸ್ತುವಾಗಿವೆ. ಸಂಸ್ಕೃತದ ಮೂಲದಿಂದ ಟಿಬೆಟಿಯನ್ ಭಾಷೆಗೆ ಹೋದ ವಿಚಾರವು ಮತ್ತೆ ಭಾರತದ ನೆಲದಲ್ಲಿ ಉಸಿರಾಡುತ್ತಿದೆ.

ಪೂರ್ವ ಏಷ್ಯಾದಲ್ಲಿ ಅವತಂಸಕ ಸೂತ್ರದ ಪ್ರಭಾವದಿಂದ ಸರಣಿಯ ಚಿತ್ರವು ಜಾಲದ ಚಿತ್ರವಾಯಿತು. ಚೀನಾದ ಫಾಜಾಂಗ್ (643–712) ನಡುವೆ ಬುದ್ಧಪ್ರತಿಮೆಯನ್ನೂ ದೀಪವನ್ನೂ ಇರಿಸಿ, ಸುತ್ತ ಹತ್ತು ಕನ್ನಡಿಗಳನ್ನು ನಿಲ್ಲಿಸಿ, ಒಂದರೊಳಗೆ ಎಲ್ಲವೂ ಎಲ್ಲದರೊಳಗೆ ಒಂದೂ ಬಿಂಬಿಸುವುದನ್ನು ಶಿಷ್ಯರಿಗೆ ತೋರಿಸಿದನೆಂಬ ಕಥೆಯಿದೆ. ವಿಯೆಟ್ನಾಮಿನ ಭಿಕ್ಷು ಥಿಚ್ ನಾತ್ ಹಾನ್ ಈ ದೃಷ್ಟಿಯನ್ನು ಯುದ್ಧದ ನಡುವೆ ಪರೀಕ್ಷೆಗೆ ಒಡ್ಡಿದರು. ಪರಸ್ಪರ ಅಸ್ತಿತ್ವದ ತತ್ತ್ವವನ್ನೇ ಹೆಸರಾಗಿಸಿಕೊಂಡ ಸಾಧಕಸಂಘವನ್ನು ಅವರು 1966ರಲ್ಲಿ ಸೈಗಾನಿನಲ್ಲಿ ಸ್ಥಾಪಿಸಿದರು. 1970ರ ದಶಕದ ಉತ್ತರಾರ್ಧದಲ್ಲಿ, ದೋಣಿಯಲ್ಲಿ ಪಲಾಯನ ಮಾಡುತ್ತಿದ್ದ ಬಾಲಕಿಯೊಬ್ಬಳು ಕಡಲ್ಗಳ್ಳನ ಅತ್ಯಾಚಾರಕ್ಕೆ ಒಳಗಾಗಿ ಕಡಲಿಗೆ ಹಾರಿದ ಸುದ್ದಿ ಅವರನ್ನು ತಲುಪಿತು. ಮೊದಲು ಹುಟ್ಟಿದ್ದು ಕಳ್ಳನ ಮೇಲಣ ಕೋಪ. ಧ್ಯಾನದಲ್ಲಿ ಕಂಡದ್ದು, ಆ ಕಳ್ಳನ ಹಳ್ಳಿಯಲ್ಲಿ, ಅದೇ ಬಡತನದಲ್ಲಿ, ಅದೇ ಶಿಕ್ಷಣವಿಲ್ಲದ ಸ್ಥಿತಿಯಲ್ಲಿ ಹುಟ್ಟಿದ್ದರೆ ತಾವೂ ಹಾಗೆಯೇ ಆಗಬಹುದಿತ್ತೆಂಬ ಸತ್ಯ. ಅದರಿಂದ ಒಂದು ಕವಿತೆ ಹುಟ್ಟಿತು.

ಈ ಕಾಣ್ಕೆಯು ಅಪರಾಧವನ್ನು ಅಳಿಸುವುದಿಲ್ಲ. ಬಾಲಕಿಯ ನೋವು ಹಾಗೆಯೇ ಉಳಿಯುತ್ತದೆ. ಬೌದ್ಧ ಚಿಂತನೆಯಲ್ಲಿ ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮ. ಆದ್ದರಿಂದ ಕೃತ್ಯದ ಹೊಣೆಯಿಂದ ಕರ್ತೃವಿಗೆ ವಿನಾಯಿತಿಯಿಲ್ಲ. ಪ್ರತೀತ್ಯಸಮುತ್ಪಾದದ ಧ್ಯಾನ ಮಾಡುವುದು ಹೊಣೆಯನ್ನು ವಿಸ್ತರಿಸುವ ಕೆಲಸ: ಕೃತ್ಯ ಮಾಡಿದವನ ಜೊತೆಗೆ, ಅಂಥ ಕೃತ್ಯಗಳಿಗೆ ಆಸರೆಯಾದ ಬಡತನ, ಯುದ್ಧ, ಪರಿಗ್ರಹಗಳನ್ನು ಪೋಷಿಸುವವರೂ, ಕಂಡು ಸುಮ್ಮನಿರುವವರೂ ಅದರ ಪರಿಧಿಯೊಳಗೆ ಬರುತ್ತಾರೆ. ಮಹಾನಿದಾನ ಸುತ್ತವು ಶಸ್ತ್ರದ ಮೂಲವನ್ನು ಬಯಕೆಯಲ್ಲಿ ಹುಡುಕಿದ್ದೂ ಇದೇ ಕಾರಣಕ್ಕೆ. ಯಾವ ಆಸರೆಯನ್ನು ತೆಗೆದರೆ ದುಃಖವು ನಿಲ್ಲಲಾರದು ಎಂಬ ಉರುವೇಲೆಯ ಪ್ರಶ್ನೆ ಪ್ರತಿ ತಲೆಮಾರಿಗೂ ಹೊಸದಾಗಿ ಎದುರಾಗುತ್ತದೆ.